ದಾವಣಗೆರೆಯ ಒಂದು ಮನೆಗೆ ಪಿಯಾನೋ ಬಂದದ್ದು: ಒಂದು ಪ್ರಕರಣ ಅಧ್ಯಯನ

ನಾನು ದಾವಣಗೆರೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಮತ್ತು ಪಿಯಾನೋ ಹೇಳಿಕೊಡುತ್ತೇನೆ. ನನ್ನ ಒಬ್ಬಳು ವಿದ್ಯಾರ್ಥಿನಿಯ ಮನೆಯವರು ನಮ್ಮೂರಿನ ಅಂಗಡಿಯಿಂದಲೇ ಒಂದು ಒಳ್ಳೆಯ ಪಿಯಾನೋ ಕೊಂಡರು. ಮೊದಲ ಮಾತಿನಿಂದ ಹಿಡಿದು ಇವತ್ತಿನವರೆಗೂ ನಾನು ಅದರ ಜೊತೆ ಇದ್ದೇನೆ. ದೊಡ್ಡ ದುಡ್ಡು ಕೊಟ್ಟು ಏನನ್ನಾದರೂ ಕೊಳ್ಳಲು ಹೊರಟವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನಿಸಿ, ಮನೆಯವರನ್ನೂ ಅಂಗಡಿಯವರನ್ನೂ ಕೇಳಿಕೊಂಡು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮತ್ತು ನಡೆದ ಕ್ರಮವನ್ನು ಬದಲಿಸಿಲ್ಲ.

ಹಿನ್ನೆಲೆ

ಅವರದು ಬಟ್ಟೆ ವ್ಯಾಪಾರದ ಮನೆತನ. ಪೇಟೆಯಲ್ಲಿ ತಾತನ ಕಾಲದ ಅಂಗಡಿ, ಬಡಾವಣೆಯಲ್ಲಿ ಈಚೆಗೆ ಕಟ್ಟಿಸಿದ ಮನೆ. ಮಗಳು ಒಂಬತ್ತನೇ ಕ್ಲಾಸು. ಆರು ವರ್ಷದಿಂದ ನನ್ನ ಹತ್ತಿರ ಕಲಿಯುತ್ತಿದ್ದಾಳೆ. ಮನೆಯಲ್ಲಿ 61 ಕೀಗಳ ಚಿಕ್ಕ ಕೀಬೋರ್ಡ್ ಇತ್ತು. ಪಿಯಾನೋ ಕಲಿಕೆಯ ಐದನೇ ಗ್ರೇಡಿನ ಪಾಠಕ್ಕೆ ಬರುವ ಹೊತ್ತಿಗೆ ಅದು ಸಾಲದಾಯಿತು. ಪಿಯಾನೋಗೆ 88 ಕೀ, 52 ಬಿಳಿ, 36 ಕಪ್ಪು. ಬರೀ ಸಂಖ್ಯೆಯ ಮಾತಲ್ಲ ಇದು. ಪಿಯಾನೋದ ಕೀ ಒತ್ತಿದರೆ ಒಳಗೆ ಒಂದು ಮರದ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಆ ಭಾರ ಬೆರಳಿಗೆ ಗೊತ್ತಾಗಬೇಕು. ಹಗುರ ಕೀಬೋರ್ಡಿನಲ್ಲೇ ಬೆಳೆದ ಬೆರಳಿಗೆ ಮೆಲ್ಲಗೆ ನುಡಿಸುವುದು, ಜೋರಾಗಿ ನುಡಿಸುವುದು ಎರಡೂ ಒಂದೇ ಆಗಿಬಿಡುತ್ತದೆ.

ನಾನು ಮೊದಲು ಹೇಳಿದ್ದು ಡಿಜಿಟಲ್ ಪಿಯಾನೋ ತಗೊಳ್ಳಿ ಅಂತ. ಭಾರದ ಕೀ ಇರುವ 88 ಕೀಗಳ ಡಿಜಿಟಲ್, ಒಂದು ಲಕ್ಷದೊಳಗೆ ಮುಗಿಯುತ್ತಿತ್ತು. ಶ್ರುತಿ ಮಾಡಿಸುವ ಗೊಡವೆ ಇಲ್ಲ, ಬಿಸಿಲು ಮಳೆಯ ಚಿಂತೆ ಇಲ್ಲ. ಈಗಲೂ ಹೆಚ್ಚಿನ ಮನೆಗಳಿಗೆ ನಾನು ಅದನ್ನೇ ಹೇಳುತ್ತೇನೆ.

ಆದರೆ ಈ ಮನೆಯಲ್ಲಿ ತಾತ ಇದ್ದರು. ಚಿಕ್ಕಂದಿನಲ್ಲಿ ಕಂಪನಿ ನಾಟಕಗಳ ಹುಚ್ಚು ಹತ್ತಿಸಿಕೊಂಡವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದೇ ಅಲ್ವಾ. ಪರದೆ ಏಳುವ ಮುಂಚೆ ಕಾಲು ಹಾರ್ಮೋನಿಯಂ ನುಡಿಯುವುದನ್ನು ಕೇಳಲು ಮುಂದಿನ ಸಾಲಿಗೆ ಹೋಗಿ ಕೂರುತ್ತಿದ್ದರಂತೆ. “ಕರೆಂಟ್ ಹೋದ್ರೆ ಸುಮ್ನಾಗೋ ವಾದ್ಯ ಮನೆಗೆ ಬ್ಯಾಡ. ನಿಜವಾದ ತಂತಿ ಇರೋದೇ ಬರಲಿ” ಅಂದರು. ಮೊಮ್ಮಗಳಿಗೂ ಅದೇ ಆಸೆ. ಅಲ್ಲಿಗೆ ಡಿಜಿಟಲ್ ಮಾತು ಮುಗಿಯಿತು.

ಎಲ್ಲಿ ಕೊಳ್ಳುವುದು ಅನ್ನುವುದನ್ನು ಅಪ್ಪ ತೀರ್ಮಾನ ಮಾಡಿದರು. ಬೆಂಗಳೂರಿನಲ್ಲಿ ದೊಡ್ಡ ಷೋರೂಮ್‌ಗಳಿವೆ, ಆನ್‌ಲೈನ್‌ನಲ್ಲಿ ಹಳೆಯ ಪಿಯಾನೋ ಮಾರುವವರಿದ್ದಾರೆ. ಅವರು ಎರಡಕ್ಕೂ ಒಪ್ಪಲಿಲ್ಲ. “ಮಿಸ್, ನಮ್ಮ ಗಿರಾಕಿ ಮದುವೆ ಸೀರೆಗೆ ಬೆಂಗಳೂರಿಗೆ ಹೋದ್ರೆ ನಮಗೆ ಹೊಟ್ಟೆ ಉರಿಯುತ್ತೆ. ನಾವೇ ಹಂಗೆ ಮಾಡಿದ್ರೆ ಹ್ಯಾಂಗೆ?” ಅಂದರು. ನನಗೆ ಆ ಮಾತು ಹಿಡಿಸಿತು. ಇಡೀ ಪ್ರಕರಣಕ್ಕೆ ಅದೇ ಬುನಾದಿ.

ತೊಡಕು

ಅವರು ಹೋದದ್ದು ಎರಡು ತಲೆಮಾರಿನ ವಾದ್ಯದ ಅಂಗಡಿಗೆ. ಹಾರ್ಮೋನಿಯಂ, ತಬಲಾ, ಗಿಟಾರ್, ಭಜನೆ ಮೇಳಕ್ಕೆ ಬೇಕಾದ ತಾಳ ಎಲ್ಲವೂ ಸಿಗುವ ಜಾಗ. ಮಾಲೀಕರು ಹಾರ್ಮೋನಿಯಂ ರಿಪೇರಿಯಲ್ಲಿ ಪಳಗಿದ ಕೈ. ಸ್ವರ ಕೂದಲೆಳೆಯಷ್ಟು ತಪ್ಪಿದರೂ ಅವರ ಕಿವಿಗೆ ಗೊತ್ತಾಗುತ್ತದೆ. ಆದರೆ ತಂತಿಯ ಪಿಯಾನೋ ಅವರು ಒಂದನ್ನೂ ಮಾರಿರಲಿಲ್ಲ.

ಬೆಂಗಳೂರಿನ ಒಬ್ಬ ಸರಬರಾಜುದಾರರಿಂದ ಫೋಟೋ ತರಿಸಿದರು. ಜಪಾನಿನಲ್ಲಿ ತಯಾರಾದ, ಬಳಸಿದ, ಇಲ್ಲಿ ಮತ್ತೆ ಸರಿಮಾಡಿಸಿದ ಪಿಯಾನೋ. ಗೋಡೆಗೆ ಒರಗಿಸಿ ನಿಲ್ಲಿಸುವ ಜಾತಿ, 121 ಸೆಂಟಿಮೀಟರ್ ಎತ್ತರ, ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಬಣ್ಣ. ಬೆಲೆ 3,60,000. ಸರಬರಾಜುದಾರರ ಷರತ್ತು ಏನೆಂದರೆ ಮುಂಗಡ ನಗದು, ಉಳಿದದ್ದೂ ಆದಷ್ಟು ನಗದು, ಬಿಲ್ಲಿನ ಬದಲು ಒಂದು ಎಸ್ಟಿಮೇಟ್ ಚೀಟಿ. ಅಪ್ಪ ಮುಂಗಡ ಕೊಟ್ಟೇ ಬಿಡುತ್ತಿದ್ದರು. ಅಂಗಡಿಯವರು ಗುರುತಿನವರು, ಒಂದೇ ಪೇಟೆಯವರು, ಮದುವೆ ಮುಂಜಿಗೆ ಹೋಗಿ ಬರುವಷ್ಟು ಸಲಿಗೆ.

ತಡೆದದ್ದು ಅಮ್ಮ. ಅವರ ಒಂದು ಪ್ರಶ್ನೆ ಇಲ್ಲದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನನ್ನನ್ನು ಕರೆದು ಕೇಳಿದರು: “ಮಿಸ್, ಬಂಗಾರ ತಗೊಂಡ್ರೆ ಹಾಲ್‌ಮಾರ್ಕ್ ನೋಡ್ತೀವಿ. ರೇಷ್ಮೆ ತಗೊಂಡ್ರೆ ಸಿಲ್ಕ್ ಮಾರ್ಕ್ ನೋಡ್ತೀವಿ. ಇದಕ್ಕೆ ಏನ್ ನೋಡ್ಬೇಕು?”

ಅಮ್ಮನಿಗೆ ಇದು ಸಹಜವಾದ ಪ್ರಶ್ನೆ. ಒಡವೆ ಕೊಳ್ಳುವಾಗ ಅದರ ಮೇಲಿನ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ, ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಆಮೇಲೆ ದುಡ್ಡು ಕೊಡುವವರು. 2023ರ ಏಪ್ರಿಲ್‌ನಿಂದ ಆ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಂಗಾರ ಎಷ್ಟೇ ಹೊಳೆದರೂ ಅವರು ಹೊಳಪನ್ನು ನಂಬುವುದಿಲ್ಲ. ಪಿಯಾನೋ ವಿಷಯದಲ್ಲಿ ಮನೆಯವರಿಗೆ, ಅಂಗಡಿಯವರಿಗೆ ಇಬ್ಬರಿಗೂ ಕಂಡದ್ದು ಹೊಳಪು ಮಾತ್ರ. ನಿಜ ಹೇಳಬೇಕೆಂದರೆ ನಾನೂ ಆವತ್ತು ಪೂರ್ತಿ ಉತ್ತರ ಕೊಡಲಾಗಲಿಲ್ಲ. ನುಡಿಸುವುದು ಬೇರೆ, ವಾದ್ಯದ ಒಡಲು ಬಲ್ಲವರು ಬೇರೆ. ನನಗೆ ಪರಿಚಯದ ಒಬ್ಬ ಟ್ಯೂನರ್, ಅಂದರೆ ಪಿಯಾನೋ ಶ್ರುತಿ ಮಾಡುವವರು, ಬೆಂಗಳೂರಿನಲ್ಲಿದ್ದರು. ಅವರಿಗೆ ಫೋನ್ ಮಾಡಿದೆ.

ಅವರು ಹೇಳಿದ್ದನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಮೇಲಿನ ಮುಚ್ಚಳ ತೆಗೆದರೆ ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅದರಿಂದ ಯಾವ ವರ್ಷ ತಯಾರಾಯಿತು ಅಂತ ತಿಳಿಯಬಹುದು. ಎಷ್ಟು ಹಳೆಯದು ಅನ್ನುವುದಕ್ಕಿಂತ ಮುಖ್ಯ, ತಂತಿ ಸುತ್ತಿರುವ ಶ್ರುತಿಯ ಪಿನ್ನುಗಳು ಬಿಗಿ ಇವೆಯಾ ಅನ್ನುವುದು. ಒಂದು ಪಿಯಾನೋದಲ್ಲಿ 220ರಿಂದ 230 ತಂತಿಗಳಿರುತ್ತವೆ. ಎಲ್ಲದರ ಎಳೆತ ಸೇರಿದರೆ 15ರಿಂದ 20 ಟನ್. ಆ ತಂತಿಗಳನ್ನು ಶ್ರುತಿಯಲ್ಲಿ ಹಿಡಿದು ನಿಲ್ಲಿಸುವುದು ಪದರ ಪದರವಾಗಿ ಅಂಟಿಸಿದ ಗಟ್ಟಿ ಮರದ ಒಂದು ಹಲಗೆ. ಪಿನ್ ಬ್ಲಾಕ್ ಅನ್ನುತ್ತಾರೆ. ಅದು ಒಣಗಿ ಸೀಳಿದ್ದರೆ ಪಿನ್ನು ಸಡಿಲ. ಎಷ್ಟು ಸಲ ಶ್ರುತಿ ಮಾಡಿದರೂ ವಾರದಲ್ಲಿ ಇಳಿದುಹೋಗುತ್ತದೆ. ಮೇಲೆ ಎಂಥ ಪಾಲಿಶ್ ಹೊಡೆಸಿದರೂ ಇದು ಸರಿಹೋಗುವುದಿಲ್ಲ.

ಮಾಡಿದ ಪ್ರಯತ್ನ

ಆ ಹಾಳೆ ಹಿಡಿದು ಅಮ್ಮ ಮತ್ತು ನಾನು ಅಂಗಡಿಗೆ ಹೋದೆವು. ಅಂಗಡಿಯವರು ಓದಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. “ಅಕ್ಕಾರೆ, ಇದರಾಗೆ ಅರ್ಧ ನನಗೂ ಗೊತ್ತಿಲ್ರಿ. ಸುಳ್ಳು ಯಾಕೆ ಹೇಳ್ಲಿ. ನಡೀರಿ, ನಾನೂ ಬರ್ತೀನಿ, ಹೋಗಿ ನೋಡೇ ಬಿಡೋಣ” ಅಂದರು. ಗೊತ್ತಿಲ್ಲ ಅಂತ ಹೇಳುವ ಅಂಗಡಿಯವರನ್ನು ನಾನು ಜಾಸ್ತಿ ನೋಡಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಕ್ಷಣದಲ್ಲಿ.

ಒಂದು ಬೆಳಗಿನ ರೈಲಿಗೆ ಮೂವರೂ ಬೆಂಗಳೂರಿಗೆ ಹೊರಟೆವು. ಟ್ಯೂನರ್ ಗೋಡೌನಿಗೇ ಬಂದರು. ಅವರ ಶುಲ್ಕವನ್ನು ಮನೆಯವರೇ ಕೊಟ್ಟರು. ಅಂಗಡಿಯವರು ಕೊಡುತ್ತೇನೆ ಅಂದರೂ ಅಮ್ಮ ಬೇಡ ಅಂದರು. ಯಾರು ದುಡ್ಡು ಕೊಡುತ್ತಾರೋ ಅವರ ಪರವಾಗಿ ನೋಡಲಿ ಅನ್ನುವುದು ಅವರ ಲೆಕ್ಕ. ಸರಿಯಾದ ಲೆಕ್ಕ.

ಫೋಟೋದಲ್ಲಿದ್ದ ಹೊಳೆಯುವ ಪಿಯಾನೋ ಮುಂದೆಯೇ ಇತ್ತು. ಟ್ಯೂನರ್ ಅದರ ಮುಂಭಾಗ ಬಿಚ್ಚಿದರು. ಪಿನ್ನಿಗೆ ಲಿವರ್ ಹಾಕಿ ಮೆಲ್ಲಗೆ ತಿರುಗಿಸಿದರು. ಬಿಗಿ ಇದ್ದ ಪಿನ್ನು ತಡೆದು ತಡೆದು ತಿರುಗುತ್ತದೆ. ಇದು ಬೆಣ್ಣೆಯಲ್ಲಿ ಚಮಚ ಆಡಿದ ಹಾಗೆ ತಿರುಗಿತು. ಕೆಳಗಿನ ಸ್ವರಗಳ ಕಡೆ ಪಿನ್ನುಗಳ ಬುಡದಲ್ಲಿ, ಸಡಿಲವನ್ನು ಮುಚ್ಚಲು ಅಂಟು ಸುರಿದ ಗುರುತಿತ್ತು. ಅಂಗಡಿಯವರು ತಾವೂ ಲಿವರ್ ಹಿಡಿದು ನೋಡಿದರು. ಅವರ ಮುಖ ಸಣ್ಣಗಾಯಿತು. ಇದನ್ನೇ ಅವರು ತಮ್ಮ ಹೆಸರಿನಲ್ಲಿ ಮಾರಲು ಹೊರಟಿದ್ದರು.

ಮೂಲೆಯಲ್ಲಿ ಇನ್ನೊಂದಿತ್ತು. ಅದೂ ಜಪಾನಿನದೇ, ಅಷ್ಟೇ ಎತ್ತರ. ಪಕ್ಕದಲ್ಲಿ ಗೀರು, ಬಣ್ಣ ಮಂಕು, ಸುತ್ತಿಗೆಗಳ ಉಣ್ಣೆಯ ಫೆಲ್ಟ್ ಮೇಲೆ ತಂತಿ ಬಡಿದು ಬಡಿದು ಗೆರೆ ಬಿದ್ದಿತ್ತು. ಆದರೆ ಪಿನ್ನುಗಳು ಬಿಗಿ. ತಂತಿಗಳ ಹಿಂದಿನ ತೆಳು ಮರದ ಹಲಗೆಯಲ್ಲಿ, ಅಂದರೆ ಸೌಂಡ್ ಬೋರ್ಡಿನಲ್ಲಿ, ಬಿರುಕಿಲ್ಲ. ಫೆಲ್ಟ್ ತೀಡಿ ಸರಿಮಾಡಬಹುದು, ಗೀರು ಹಾಗೇ ಇದ್ದರೆ ಏನೂ ಆಗಲ್ಲ ಅಂದರು ಟ್ಯೂನರ್. ಬೆಲೆ 2,90,000. ನಾನು ಕೂತು ನುಡಿಸಿದೆ. ಕೆಳಗಿನ ಸ್ವರಗಳು ಎದೆಯೊಳಗೆ ಇಳಿಯುವಂತಿದ್ದವು.

ಅಪ್ಪನಿಗೆ ಫೋಟೋ ಕಳಿಸಿದರೆ ಅವರಿಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವರು ನೋಡುವುದು ಹೊರಗಿನಿಂದ, ಇಷ್ಟು ದುಡ್ಡು ಕೊಟ್ಟು ಗೀರಿರುವುದನ್ನು ತರುವುದಾ ಅಂತ ಫೋನಿನಲ್ಲೇ ವಾದ ಮಾಡಿದರು. ಬಟ್ಟೆ ವ್ಯಾಪಾರಿಗೆ ಹಾಗನಿಸುವುದು ತಪ್ಪಲ್ಲ. ಕಲೆ ಇರುವ ಸೀರೆಯನ್ನು ಅವರು ಗಿರಾಕಿಯ ಮುಂದೆ ಹರಡುವುದೇ ಇಲ್ಲ. ಅಮ್ಮ ಹೇಳಿದ್ದು ಇಷ್ಟೇ: “ಪಾಲಿಶ್ ನೋಡಿ ಬಂಗಾರ ತಗೊಳ್ತೀವೇನ್ರಿ?” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆಯ್ತು, ನಿಮಗೆ ಸರಿ ಕಂಡಿದ್ದು ಮಾಡ್ರಿ.”

ಬಿಲ್ಲಿನ ವಿಷಯ

ಪಿಯಾನೋ ಆರಿಸುವುದಕ್ಕಿಂತ ಕಷ್ಟವಾದದ್ದು ಬಿಲ್ ಬರೆಸುವುದು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಊರಿನ ಅಂಗಡಿಯಲ್ಲಿ ಕೊಳ್ಳುವವರು ಎಡವುವುದು ಇಲ್ಲೇ.

ಗುರುತಿನವರ ಹತ್ತಿರ ಷರತ್ತು ಬರೆಸುವುದು ಅಂದರೆ ನಮಗೆ ಮುಜುಗರ. ಅಮ್ಮ ಏನೇನು ಬರೆಸಬೇಕು ಅಂತ ಹೇಳಿದಾಗ ಅಂಗಡಿಯವರು ಅಪ್ಪನ ಕಡೆ ತಿರುಗಿ, “ಸಾವ್ಕಾರ್ರೆ, ಇಷ್ಟು ವರ್ಷ ಆತು, ನನ್ನ ಮ್ಯಾಲೆ ನಂಬಿಕೆ ಇಲ್ವಾ?” ಅಂದುಬಿಟ್ಟರು. ಅಪ್ಪ ತಲೆ ತಗ್ಗಿಸಿದರು. ಇನ್ನೊಂದು ನಿಮಿಷ ಹೋಗಿದ್ದರೆ “ಬಿಡ್ರಿ, ಏನೂ ಬ್ಯಾಡ” ಅಂದುಬಿಡುತ್ತಿದ್ದರು. ನಾನು ಮಧ್ಯೆ ಮಾತಾಡಿದೆ. ಗೋಡೌನಿನಲ್ಲಿ ಆವತ್ತು ಲಿವರ್ ಹಿಡಿಯದೇ ಇದ್ದಿದ್ದರೆ ನೀವೇ ಮೋಸ ಹೋಗುತ್ತಿದ್ದಿರಿ, ಈ ಬರವಣಿಗೆ ಇದ್ದರೆ ನಾಳೆ ಸರಬರಾಜುದಾರರನ್ನು ಕೇಳಲು ನಿಮಗೂ ಒಂದು ಆಧಾರ ಇರುತ್ತದೆ ಅಂದೆ. ಅವರು ಯೋಚಿಸಿ ಒಪ್ಪಿದರು.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬಂತು. ಪಿನ್ನು ಮತ್ತು ಒಳಗಿನ ಯಂತ್ರಕ್ಕೆ ಒಂದು ವರ್ಷದ ಗ್ಯಾರಂಟಿ. ಸಾಗಣೆಯಲ್ಲಿ ಏನಾದರೂ ಆದರೆ ಅಂಗಡಿಯ ಹೊಣೆ. ಮನೆಗೆ ಬಂದ ಮೇಲೆ ಎರಡು ಸಲ ಶ್ರುತಿ ಉಚಿತ. ದುಡ್ಡು ಮೂರು ಕಂತು: ಮುಂಗಡ 90,000, ಮನೆಗೆ ಬಂದ ದಿನ 1,40,000, ಮೊದಲ ಶ್ರುತಿ ಆದ ಮೇಲೆ 60,000. ಪೂರ್ತಿ ಬ್ಯಾಂಕ್ ಮೂಲಕ. ನಗದಿನ ಮಾತನ್ನು ಅಪ್ಪನೇ ಬಿಡಿಸಿದರು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವ್ಯಾಪಾರಿಯಾಗಿ ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಬಿಲ್ಲಿನ ಕೆಳಗೆ ಮಾಮೂಲಿ ಸಾಲು ಅಚ್ಚಾಗಿತ್ತು: ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಇರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ನಾನು ಅದನ್ನು ಹೇಳಿದಾಗ ಅಂಗಡಿಯವರು ಆ ಸಾಲಿನ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಅಪ್ಪ ಸುಮ್ಮನೆ ನೋಡುತ್ತಿದ್ದರು. ಅವರ ಅಂಗಡಿಯ ಬಿಲ್ ಪುಸ್ತಕದಲ್ಲೂ ಅದೇ ಸಾಲು ಇದೆ.

ಮೇ ತಿಂಗಳು

ಫೆಬ್ರವರಿಯಲ್ಲಿ ಪಿಯಾನೋ ಬಂತು. 220 ಕಿಲೋ ಹತ್ತಿರದ ಭಾರ. ಮೊದಲ ಮಹಡಿಗೆ ಹಾಕುವ ಯೋಚನೆ ಮೆಟ್ಟಿಲ ತಿರುವಿನಲ್ಲೇ ಬಿದ್ದುಹೋಯಿತು. ಕೆಳಗಿನ ಹಾಲಿನಲ್ಲಿಟ್ಟರು. ನಾಲ್ಕು ವಾರ ಬಿಟ್ಟು ಟ್ಯೂನರ್ ಬಂದು ಶ್ರುತಿ ಮಾಡಿದರು. ಕೊನೆಯ ಕಂತು ಹೋಯಿತು. ತಾತ ದಿನಾ ಸಂಜೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಏಪ್ರಿಲ್ ಕೊನೆಗೆ ಸ್ವರ ಇಳಿಯತೊಡಗಿತು. ಮೇ ಹೊತ್ತಿಗೆ ಮಧ್ಯದ ಸ್ವರಗಳು ಕೇಳಲಾಗದ ಹಾಗಾದವು. ಜೊತೆಗೆ ಒಂದು ಸ್ವರ ಒತ್ತಿದಾಗಲೆಲ್ಲ ಜೀಂಯ್ ಅನ್ನುವ ಸದ್ದು. ಮನೆಯವರಿಗೆ ಮೋಸ ಹೋದೆವು ಅನಿಸಿತು. ಅಪ್ಪ ಗ್ರಾಹಕರ ಆಯೋಗಕ್ಕೆ ಹೋಗುವ ಮಾತಾಡಿದರು. ಆ ದಾರಿ ಇತ್ತು: 50 ಲಕ್ಷದವರೆಗಿನ ಖರೀದಿಯ ದೂರು ಜಿಲ್ಲಾ ಆಯೋಗದಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915 ಸಹಾಯವಾಣಿಗೂ ಕರೆ ಮಾಡಬಹುದು. ಆದರೆ ಅಂಗಡಿಯವರಿಗೆ ಒಂದು ಫೋನನ್ನೂ ಮಾಡದೆ ಅಲ್ಲಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ.

ಫೋನ್ ಮಾಡಿದ ಅರ್ಧ ಗಂಟೆಗೆ ಅವರು ಸ್ಕೂಟರಿನಲ್ಲಿ ಬಂದರು. ಮಟಮಟ ಮಧ್ಯಾಹ್ನ. ಎಲ್ಲ ಸ್ವರ ಕೇಳಿದರು. “ಒಂದೊಂದು ಪಿನ್ನು ಸಡಿಲ ಆಗಿದ್ರೆ ಒಂದೊಂದು ಸ್ವರ ಇಳೀಬೇಕಿತ್ತು. ಇಲ್ಲಿ ಮಧ್ಯದ್ದೆಲ್ಲ ಒಟ್ಟಿಗೆ ಇಳಿದಾವೆ” ಅಂದರು. ಹಾರ್ಮೋನಿಯಂ ಕಿವಿ ಅದು. ನನಗೆ ಅದು ಹೊಳೆದಿರಲಿಲ್ಲ. ಎರಡನೇ ಉಚಿತ ಶ್ರುತಿಗೆ ಇನ್ನೂ ಸಮಯ ಇದ್ದರೂ ತಮ್ಮ ಖರ್ಚಿನಲ್ಲೇ ಟ್ಯೂನರನ್ನು ಕರೆಸಿದರು.

ಟ್ಯೂನರ್ ಪಿನ್ನು ನೋಡಿದರು, ಎಲ್ಲವೂ ಬಿಗಿ. 440 ಹರ್ಟ್ಜ್ ಇರಬೇಕಾದ ಸ್ವರ 436ಕ್ಕೆ ಇಳಿದಿತ್ತು. ಆಮೇಲೆ ಅವರು ತಲೆ ಎತ್ತಿ ಗೋಡೆ ನೋಡಿದರು. ಪಿಯಾನೋದ ಸರಿಯಾಗಿ ಮೇಲೆ ಎಸಿ. ಬಂದವರಿಗೆ ಕಾಣಲಿ ಅಂತ ಹಾಲಿನ ಮುಖ್ಯ ಗೋಡೆಗೆ ಇಟ್ಟಿದ್ದರು. ಅದರ ಹೊರಮೈಗೆ ಪಡುವಣ ಬಿಸಿಲು. ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್ ಇಟ್ಟು ನೋಡಿದರೆ ಮಧ್ಯಾಹ್ನ ಶೇ. 30ಕ್ಕಿಂತ ಕೆಳಗೆ ತೋರಿಸಿತು.

ಆದದ್ದು ಇಷ್ಟು. ಸೌಂಡ್ ಬೋರ್ಡ್ ಅಂದರೆ ತಂತಿಗಳ ಹಿಂದಿರುವ ಸ್ಪ್ರೂಸ್ ಮರದ ತೆಳು ಹಲಗೆ. ಸ್ವಲ್ಪ ಉಬ್ಬಿರುತ್ತದೆ. ಗಾಳಿ ಒಣಗಿದರೆ ಮರ ಕುಗ್ಗಿ ಉಬ್ಬು ತಗ್ಗುತ್ತದೆ, ತಂತಿಯ ಬಿಗಿ ಇಳಿಯುತ್ತದೆ, ಸ್ವರ ಕೆಳಗೆ ಬರುತ್ತದೆ. ಮಳೆಗಾಲದಲ್ಲಿ ಇದೇ ತಿರುಗಮುರುಗ. ನಮ್ಮ ಬಯಲುಸೀಮೆಯ ಬೇಸಿಗೆಯ ಒಣಗಾಳಿಗೆ ಎಸಿ ಸೇರಿದರೆ ಮರ ಏನು ಮಾಡೀತು. ತೇವ ಶೇ. 40ರಿಂದ 60ರೊಳಗೆ, ಜಾಸ್ತಿ ಏರುಪೇರಾಗದೆ ಇರಬೇಕು. ಜೀಂಯ್ ಸದ್ದು ಬರುತ್ತಿದ್ದದ್ದು ಪಿಯಾನೋದಿಂದಲೇ ಅಲ್ಲ. ಪಕ್ಕದ ಷೋಕೇಸಿನಲ್ಲಿದ್ದ ಬೆಳ್ಳಿ ತಟ್ಟೆ ಆ ಒಂದು ಸ್ವರಕ್ಕೆ ನಡುಗುತ್ತಿತ್ತು. ತಟ್ಟೆ ಎತ್ತಿಟ್ಟರು, ಸದ್ದು ನಿಂತಿತು.

ಇಲ್ಲಿ ನನ್ನ ತಪ್ಪೂ ಇದೆ. ಎಸಿ, ಕಿಟಕಿ, ಬಿಸಿಲಿನ ಗೋಡೆಯಿಂದ ದೂರ ಇಡಿ ಅಂತ ನಾನು ಬಾಯಿಮಾತಿನಲ್ಲಿ ಹೇಳಿದ್ದೆ. ಇಟ್ಟ ದಿನ ಹೋಗಿ ನೋಡಲಿಲ್ಲ. ಪಿನ್ನಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದ ನಾವು ಮೂವರೂ ಮನೆಯ ಗೋಡೆಯನ್ನು ಮರೆತೆವು. ಅಂಗಡಿಯಿಂದ ಹೊರಟ ಮೇಲೂ ಖರೀದಿ ಇನ್ನೂ ನಡೆಯುತ್ತಿರುತ್ತದೆ ಅಂತ ನನಗೆ ಅರ್ಥವಾದದ್ದು ಆ ಮೇ ತಿಂಗಳಿನಲ್ಲಿ. ಆ ದಿನ ಬಿಲ್ಲಿನ ಕಾಗದವೊಂದೇ ಇದ್ದಿದ್ದರೆ ಜಗಳ ಆಗುತ್ತಿತ್ತು. ಅಂಗಡಿಯವರ ಒಳ್ಳೆಯತನವೊಂದೇ ಇದ್ದಿದ್ದರೆ ಟ್ಯೂನರ್ ಖರ್ಚು ಯಾರದು ಅನ್ನುವಲ್ಲಿ ಅವರೂ ಹಿಂಜರಿಯುತ್ತಿದ್ದರೇನೋ. ಎರಡೂ ಇದ್ದವು.

ಈಗ

ಪಿಯಾನೋ ಒಳಗೋಡೆಗೆ ಬಂದಿದೆ, ಮೇಲೆ ಆ ಚಿಕ್ಕ ಮೀಟರ್ ಕೂತಿದೆ. ತಾತ ದಿನಾ ಬೆಳಿಗ್ಗೆ ಅದನ್ನು ಓದಿ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ಜುಲೈನಲ್ಲಿ ಎರಡು ಕೀ ಸ್ವಲ್ಪ ಅಂಟಿದವು, ಮಳೆ ನಿಂತ ಮೇಲೆ ಸರಿಹೋದವು. ಅಂಗಡಿಯವರು ಊರಿನಲ್ಲಿ ಹಳೆಯ ಪಿಯಾನೋ ಇರುವ ಇನ್ನೆರಡು ಕಡೆ ಹುಡುಕಿ ಮಾತಾಡಿದರು. ಟ್ಯೂನರ್ ವರ್ಷಕ್ಕೆ ಎರಡು ಸಲ ಬಂದು ಮೂರನ್ನೂ ಒಂದೇ ಭೇಟಿಯಲ್ಲಿ ಮಾಡಿ ಹೋಗುತ್ತಾರೆ. ಒಬ್ಬರೇ ಕರೆಸಿದರೆ 7,000 ಆಗುತ್ತಿದ್ದದ್ದು ಈಗ ತಲಾ 3,500. ಟ್ಯೂನರ್ ಕೆಲಸ ಮಾಡುವಾಗ ಅಂಗಡಿಯವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕಲಿಯುತ್ತಿದ್ದಾರೆ. ಬೆಂಗಳೂರಿನಲ್ಲಿ ಕೊಂಡಿದ್ದರೆ ಇದೊಂದೂ ಆಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಅಪ್ಪನ ಅಂಗಡಿಯ ಹಳೆಯ ಬಿಲ್ ಪುಸ್ತಕ ದೀಪಾವಳಿಗೆ ಮುಗಿಯಿತು. ಹೊಸದನ್ನು ಅಚ್ಚು ಹಾಕಿಸುವಾಗ ಕೆಳಗಿನ ಆ ಸಾಲನ್ನು ತೆಗೆಸಿದ್ದಾರೆ.

ಸುತ್ತಿಗೆಗಳ ಫೆಲ್ಟ್ ತೀಡಿಸುವ ಕೆಲಸ ಇನ್ನೂ ಬಾಕಿ ಇದೆ. ಅದು ಗ್ಯಾರಂಟಿಯಲ್ಲಿ ಸೇರಿರಲಿಲ್ಲ. ಅರ್ಧ ಖರ್ಚು ತಮ್ಮದು ಅಂತ ಅಂಗಡಿಯವರು ಹೇಳಿದ್ದಾರೆ. ಹೇಳಿದ ಕೂಡಲೇ ತಾವೇ ಜೇಬಿನಿಂದ ಪೆನ್ನು ತೆಗೆದು, “ಅಕ್ಕಾರೆ, ಚೀಟಿ ಕೊಡ್ರಿ, ಬರೆದು ಕೊಡ್ತೀನಿ” ಅಂದರು.